ಬ್ರೆಡ್ಡಿನ ಟ್ರೇಗಳಲ್ಲಿ ಹೋದ ಹಾಡುಗಳು

ಶುರುವಾದದ್ದು ನವೆಂಬರಿನಲ್ಲಿ, ಸಂಜೆ ಬೇಗ ಕತ್ತಲಾಗತೊಡಗಿದ ದಿನಗಳಲ್ಲಿ, ನನ್ನ ಮಗಳು ಕೆಲಸದಿಂದ ಬಂದು ಬಾಗಿಲಲ್ಲಿ ಶೂ ಬಿಚ್ಚುವ ಹೊತ್ತಿಗೆ. ಒಂದು ಕಾಲಿನದು ಬಿಚ್ಚಿದ್ದಳು. ಇನ್ನೊಂದಕ್ಕೆ ಬಗ್ಗಿದ್ದಳು. ಅಷ್ಟರಲ್ಲಿ ಒಳಗೆ ಗಂಟೆಗಳು ಕಿಣಿಕಿಣಿ ಅಂದವು. ಗಂಟೆಯ ಬೆನ್ನಿಗೆ ಪಿಟೀಲು, ಪಿಟೀಲಿನ ಬೆನ್ನಿಗೆ ಬೆಣ್ಣೆ ಸವರಿದಂಥ ಒಂದು ಗಂಡುದನಿ. ಅವಳು ಒಂದೇ ಕಾಲಿನ ಶೂನಲ್ಲಿ ಟಕ್ ಟಕ್ ಎಂದು ನಡೆದು ಬಂದು ಸಿಡಿ ಯಂತ್ರದ ಪ್ಲಗ್ಗನ್ನು ಗೋಡೆಯಿಂದ ಕಿತ್ತಳು.

ಅಳಿಯ ಊಟದ ಮೇಜಿನ ಹತ್ತಿರ ಸಿಡಿಯ ಡಬ್ಬಿ ಹಿಡಿದು ನಿಂತಿದ್ದ. ಡಬ್ಬಿಯ ಮೇಲೆ ಹಿಮ, ಬೆಂಕಿಗೂಡು, ಕೆಂಪು ಟೋಪಿ. ಹಳೇ ಸಾಮಾನಿನ ಅಂಗಡಿಯಲ್ಲಿ ಇವತ್ತೇ ಸಿಕ್ಕಿತು, ನೀನು ಬರಲಿ ಅಂತ ಕಾಯುತ್ತಿದ್ದೆ ಎಂದ.

"ಇವತ್ತಿಂದ ನಮ್ಮ ಅಂಗಡೀಲೂ ಹಾಕೋಕೆ ಶುರು ಮಾಡಿದಾರೆ," ಎಂದಳು ಮಗಳು. "ಬಾಗಿಲು ತೆಗೆದಾಗಿಂದ ಮುಚ್ಚೋವರೆಗೂ. ಸ್ಪೀಕರು ನನ್ನ ನೆತ್ತಿ ಮೇಲೇ ಇದೆ. ಮನೇಲಾದ್ರೂ ಬೇಡ."

"ಅಂಗಡೀಲಿ ಹಾಕೋದು ಎಂಥದ್ದು ಅಂತ ನಂಗೊತ್ತಿಲ್ವಾ? ಇದು ಬೇರೆ."

"ಹಾಡು ಬೇರೆ ಇರಬಹುದು. ಕಿವಿ ಅದೇ ಅಲ್ವಾ?"

ಆ ಸಂಜೆ ಅಷ್ಟಕ್ಕೇ ಮುಗಿಯಿತು. ಸೂಪು, ಬ್ರೆಡ್ಡು ತಿಂದು ಎಲ್ಲರೂ ಮಲಗಿದೆವು.

ಈ ಮನೆ ನನ್ನ ಹೆಸರಿನದು. ನಾನು ದುಡಿಯುತ್ತಿದ್ದ ಬಟ್ಟೆ ಗಿರಣಿ ಮುಚ್ಚಿದಾಗ ಕೆಲಸಗಾರರಿಗೆ ಬಿಟ್ಟುಕೊಟ್ಟ ಸಾಲುಮನೆಗಳಲ್ಲಿ ಒಂದು. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಒಂದು ವ್ಯಾನು ನಿಲ್ಲುವಷ್ಟು ಜಾಗ. ಮದುವೆಯಾದ ಮೇಲೆ ಅಳಿಯ ಇಲ್ಲಿಗೇ ಬಂದ. ಮನೆ ಯಾರದು ಎಂಬ ಮಾತನ್ನು ನಾನು ಎಂದೂ ಎತ್ತಿದವಳಲ್ಲ. ಎದುರಿಗೆ ಅವನನ್ನು ಏಕವಚನದಲ್ಲಿ ಕರೆದವಳೂ ಅಲ್ಲ. ಮಗ್ಗಗಳ ಸದ್ದಿಗೆ ನನ್ನ ಎಡಗಿವಿ ಮಂದವಾಗಿದೆ. ಅದರಿಂದ ಮನೆಯವರು ಅಜ್ಜಿಗೆ ಏನೂ ಕೇಳುವುದಿಲ್ಲ ಎಂದುಕೊಂಡು ನನ್ನ ಮುಂದೆಯೇ ಎಲ್ಲವನ್ನೂ ಆಡುತ್ತಾರೆ. ಬಲಗಿವಿ ಚೆನ್ನಾಗಿಯೇ ಇದೆ.

ಅಳಿಯ ಬೇಕರಿಯ ವ್ಯಾನು ಓಡಿಸುತ್ತಾನೆ. ಇನ್ನೂ ನಸುಕಿರುವಾಗಲೇ ಹೊರಡುತ್ತಾನೆ. ಹೋಟೆಲು, ಆಸ್ಪತ್ರೆ, ಅಂಗಡಿಗಳ ಹಿಂಬಾಗಿಲಿಗೆ ಬ್ರೆಡ್ಡು ಇಳಿಸಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಾನೆ. ವ್ಯಾನಿನ ಕೀಲಿ ತಿರುಗಿಸಿದೊಡನೆ ಎಂಜಿನ್ನಿಗಿಂತ ಮೊದಲು ಹಾಡು ಎದ್ದೇಳುತ್ತದೆ. ನಡುಬೇಸಿಗೆಯಲ್ಲಿಯೂ ಹಿಮದ ಹಾಡು, ಗಂಟೆ ಹಾಡು, ಮಗು ಮಲಗಿಸುವ ಹಾಡು. ಹಾಡು ಬೀದಿಯ ತಿರುವಿನವರೆಗೆ ಕೇಳಿಸುತ್ತದೆ. ಆಮೇಲೆ ನಾನು ಇನ್ನೊಂದು ಮಗ್ಗುಲಿಗೆ ತಿರುಗಿ ಮಲಗುತ್ತೇನೆ.

ಅವನಿಗೆ ಕ್ರಿಸ್‌ಮಸ್ ಹಾಡುಗಳ ಸಂಕಲನಗಳ ಹುಚ್ಚು. ಹಳೇ ಕಾಲದ ಗಾಯಕರು ಹಾಡಿದ್ದನ್ನು ಕಂಪನಿಗಳವರು ಆರಿಸಿ ಕಟ್ಟಿ ವರ್ಷಕ್ಕೊಂದರಂತೆ ಹೊರತಂದ ಸಿಡಿಗಳು. ಜನ ಈಗ ಅವನ್ನು ಎಸೆಯುತ್ತಾರೆ, ಇವನು ಹೆಕ್ಕುತ್ತಾನೆ. ಬೇಕರಿಯಲ್ಲಿ ಬೇಡವೆಂದು ಬಿಟ್ಟ ಬ್ರೆಡ್ಡಿನ ಟ್ರೇಗಳನ್ನು ಅಡ್ಡಡ್ಡ ನಿಲ್ಲಿಸಿ, ಊಟದ ಮೇಜಿನ ಹಿಂದೆ ನೆಲದಿಂದ ಸೂರಿನವರೆಗೂ ಜೋಡಿಸಿದ್ದ. ನಾವು ಅದನ್ನು ಗೋಡೆ ಎಂದೇ ಕರೆಯುತ್ತಿದ್ದೆವು. ಮಗಳು ಊಟಕ್ಕೆ ಕೂರುವ ಕುರ್ಚಿ ಆ ಗೋಡೆಗೆ ಬೆನ್ನು ಹಾಕಿತ್ತು.

ಮೊಮ್ಮಗಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಾಳೆ, ಬಾಯಿ ಚುರುಕು. ಒಮ್ಮೆ ಅವಳು ಇವೆಲ್ಲ ಫೋನಿನಲ್ಲೇ ಸಿಗುತ್ತವೆ, ಗೋಡೆ ಯಾಕಪ್ಪಾ ಎಂದು ಕೇಳಿದಳು.

"ಹಾಡು ಸಿಗುತ್ತೆ ಮಗಳೇ, ಜೋಡಣೆ ಸಿಗಲ್ಲ," ಎಂದಿದ್ದ ಅವನು. "ಯಾವ ಹಾಡಾದ್ಮೇಲೆ ಯಾವ ಹಾಡು ಬರಬೇಕು ಅಂತ ಒಬ್ಬ ಕೂತು ಯೋಚನೆ ಮಾಡಿರ್ತಾನೆ. ಊಟ ಬಡಿಸಿದ ಹಾಗೆ ಅದು. ಎಲ್ಲಾ ಒಂದೇ ಸಲ ತಟ್ಟೆಗೆ ಸುರಿದರೆ ಅದನ್ನ ಊಟ ಅಂತಾರಾ?"

ಆ ಮಾತು ನನಗೆ ಚೆನ್ನಾಗಿಯೇ ಕಂಡಿತ್ತು. ಅವನು ಕೆಟ್ಟವನಲ್ಲ. ಕುಡಿಯುವುದಿಲ್ಲ, ಸೇದುವುದಿಲ್ಲ, ಕೈ ಎತ್ತುವವನಲ್ಲ. ಅಕ್ಕಪಕ್ಕದ ಹೆಂಗಸರು ಮಗಳಿಗೆ ಅದನ್ನೇ ಹೇಳುತ್ತಿದ್ದರು. ಹಾಡು ಕೇಳುವ ಗಂಡನ ಮೇಲೂ ದೂರೇ, ನಮ್ಮನೆಯವರನ್ನು ಒಂದು ವಾರ ಇಟ್ಟುಕೊಂಡು ನೋಡು ಎಂದು ನಗುತ್ತಿದ್ದರು. ಮಗಳಿಗೆ ಸಿಟ್ಟು ಒಳಗೊಳಗೇ ಸುತ್ತಿಕೊಂಡದ್ದು ಅದರಿಂದಲೂ ಇರಬೇಕು. ಕುಡುಕನ ಮೇಲೆ ಸಿಟ್ಟು ಮಾಡಿದರೆ ಜನ ಒಪ್ಪುತ್ತಾರೆ.

ಅವಳ ಕೆಲಸ ದೊಡ್ಡ ಅಂಗಡಿಯೊಂದರಲ್ಲಿ ಉಡುಗೊರೆ ಸುತ್ತುವುದು. ನೆಲಮಹಡಿಯ ಮೂಲೆಯಲ್ಲಿ ಉದ್ದ ಮೇಜು, ಮೇಜಿನ ಹಿಂದೆ ಐದು ಜನ ಹೆಂಗಸರು. ಸುರುಳಿಯಿಂದ ಕಾಗದ ಎಳೆದು, ಕತ್ತರಿಯನ್ನು ಮುಚ್ಚಿ ತೆರೆಯದೆ ಒಂದೇ ಓಟದಲ್ಲಿ ಸೀಳಿ, ಮಡಿಸಿ, ಅಂಟಿಸಿ, ರಿಬ್ಬನ್ ಕಟ್ಟಿ, ಕತ್ತರಿಯ ಅಲಗಿನಿಂದ ರಿಬ್ಬನ್ನಿನ ತುದಿ ಎಳೆದು ಗುಂಗುರು ಮಾಡಬೇಕು. ಕಾಗದದ ಅಂಚಿಗೆ ಬೆರಳ ಸಂದು ಸೀಳಿ ಉರಿಯುತ್ತದೆ. ಹಬ್ಬ ಹತ್ತಿರವಾದಂತೆ ಸಾಲು ಬಾಗಿಲಿನಾಚೆಗೂ ಹೋಗುತ್ತದೆ. ಆ ಎಲ್ಲ ಹೊತ್ತೂ ಮೇಲಿನಿಂದ ಹಾಡು. ಒಂದೇ ಸಿಡಿ ತಟ್ಟೆ ಸುತ್ತಿ ಸುತ್ತಿ ಬರುತ್ತದೆ. ಹಾಡಿನ ಲೆಕ್ಕದಲ್ಲೇ ಅವರಿಗೆ ಹೊತ್ತು ತಿಳಿಯುತ್ತಿತ್ತು. ಕ್ರಿಸ್‌ಮಸ್ ಕತ್ತೆಯ ಮೇಲೊಂದು ಹಾಡಿದೆ, ಆ ಕತ್ತೆ ಹಾಡು ಮೂರನೇ ಸಲ ಬಂದರೆ ಊಟದ ಬಿಡುವು ಎಂದರ್ಥ.

ನನಗೆ ಇದು ಗೊತ್ತಿತ್ತು. ಗಿರಣಿಯಿಂದ ಬಂದ ಸಂಜೆಗಳಲ್ಲಿ ಒಂದು ತಟ್ಟೆ ಇನ್ನೊಂದಕ್ಕೆ ತಾಗಿದರೂ ನನಗೆ ಹಲ್ಲು ಜುಂ ಅನ್ನುತ್ತಿತ್ತು. ನನ್ನ ಗಂಡ, ಅವನಿದ್ದಷ್ಟು ಕಾಲ, ನಾನು ಕೈತೊಳೆದು ಕೂತು ಮೊದಲ ಮಾತು ಆಡುವವರೆಗೆ ಕೆಮ್ಮುತ್ತಲೂ ಇರಲಿಲ್ಲ. ಅದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ.

ಮಗಳು ಕೇಳಿದ್ದೂ ಅಷ್ಟೇ. ತಾನು ಬಂದಾಗಿನಿಂದ ಊಟ ಮುಗಿಯುವವರೆಗೆ ಮನೆ ಸುಮ್ಮನಿರಬೇಕು. ಅಳಿಯ ಒಪ್ಪಿದ. ಆದರೆ ಅವನು ಬೇಗ ಮಲಗುವವನು, ಇವಳು ತಡವಾಗಿ ಬರುವವಳು. ನಡುವೆ ಉಳಿಯುವುದು ಸ್ವಲ್ಪ ಹೊತ್ತು. ಮಧ್ಯಾಹ್ನವೆಲ್ಲ ನಿಮ್ಮದೇ ಅಲ್ಲವೇ, ಆಗ ಕೇಳಿ ಎಂದರೆ, ಒಬ್ಬನೇ ಕೇಳುವುದಕ್ಕೆ ಅದೇನು ವಾರ್ತೆಯೇ ಎನ್ನುತ್ತಿದ್ದ. ಮದುವೆಯಾದ ಹೊಸದರಲ್ಲಿ ಇಬ್ಬರೂ ಈ ಮೇಜಿನಲ್ಲೇ ಕೂತು ಕೇಳಿದ್ದುಂಟು, ಇವಳು ದನಿಗೂಡಿಸಿದ್ದೂ ಉಂಟು. ಅದನ್ನು ಅವನು ಮರೆತಿರಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಹಾಗಾಗಿ ಒಪ್ಪಂದ ಆದ ಮೇಲೆ ಅವನು ತನ್ನ ತಟ್ಟೆ ಖಾಲಿ ಮಾಡಿ, ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಅವಳ ಚಮಚವನ್ನೇ ನೋಡುತ್ತ ಕೂರತೊಡಗಿದ. ಅವಳು ಚಮಚ ಕೆಳಗಿಟ್ಟರೆ ಸಾಕು, ಗಂಟೆ ಕಿಣಿಕಿಣಿ. ಅವಳು ಊಟವನ್ನು ಎಳೆಯತೊಡಗಿದಳು. ಆಲೂಗೆಡ್ಡೆಯನ್ನು ನಾಲ್ಕು ಮಾಡಿ, ನಾಲ್ಕನ್ನು ಎಂಟು ಮಾಡಿ ತಿಂದಳು. ಸೂಪು ತಣ್ಣಗಾಗಿ ಮೇಲೆ ಕೆನೆ ಕಟ್ಟಿತು.

"ಇನ್ನೂ ಎಷ್ಟು ಹೊತ್ತು ಅಗೀತೀಯೇ?" ಎಂದ ಒಂದು ದಿನ.

"ನೀವು ನಿದ್ದೆಗೆ ಹೋಗೋವರೆಗೂ."

ಮೊಮ್ಮಗಳಿಗೆ ಇದು ನೋಡಲಾಗಲಿಲ್ಲ. ಅಪ್ಪನಿಗೆ ಕಿವಿಗೆ ಹಾಕಿಕೊಳ್ಳುವ ದೊಡ್ಡ ಹೆಡ್‌ಫೋನು ತಂದುಕೊಟ್ಟಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಲ್ವಾ ಅಜ್ಜಿ ಎಂದು ನನ್ನತ್ತ ಕಣ್ಣು ಹೊಡೆದಳು. ಅಳಿಯ ಅದನ್ನು ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತ. ಮನೆ ಸದ್ದಡಗಿತು. ಮಗಳು ನಿಟ್ಟುಸಿರು ಬಿಟ್ಟು ಬ್ರೆಡ್ಡಿಗೆ ಕೈ ಹಾಕಿದಳು.

ಆಗ ಅವನು ಹಾಡತೊಡಗಿದ. ತಾನು ಹಾಡುತ್ತಿದ್ದೇನೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಹಾಡೆಲ್ಲ ಒಳಗೆ, ಅಪಸ್ವರ ಮಾತ್ರ ಹೊರಗೆ. ಅರ್ಧ ಸಾಲು ಹಾಡುವುದು, ಪಿಟೀಲಿನ ಪಾಲಿಗೆ ಸುಮ್ಮನಿರುವುದು, ಮತ್ತೆ ಎಲ್ಲಿಂದಲೋ ಎತ್ತಿಕೊಳ್ಳುವುದು. ಮೊಮ್ಮಗಳು ನಕ್ಕು ನಕ್ಕು ಮೇಜಿನ ಮೇಲೆ ತಲೆಯಿಟ್ಟಳು. ನಾನೂ ನಕ್ಕೆ. ಮಗಳು ಪಾತ್ರೆ ಒರೆಸುವ ಒದ್ದೆ ಬಟ್ಟೆಯನ್ನು ಎಸೆದಳು, ಅದು ಅವನ ಎದೆಗೆ ಬಡಿಯಿತು.

ಅವನು ಹೆಡ್‌ಫೋನು ತೆಗೆದು, ಏನಾಯಿತು ಎಂದ.

"ಅದೇ ಹಾಡು, ಅದೇ ಹಾಡು, ಹಗಲೂ ಅದೇ, ರಾತ್ರೀನೂ ಅದೇ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಂಗೆ ಹುಚ್ಚು ಹಿಡಿದ್ಮೇಲೆ ನಿಮಗೆ ಸಮಾಧಾನ ಆಗೋದು," ಎಂದಳು.

ಅವನು ಈ ಮಾತನ್ನು ಮನಸ್ಸಿಗೆ ತೆಗೆದುಕೊಂಡ. ಅದೇ ಹಾಡು ಎಂಬುದನ್ನು ಮಾತ್ರ ತೆಗೆದುಕೊಂಡ. ಮರುದಿನದಿಂದ ಹೆಡ್‌ಫೋನು ಹಾಕಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು ಕೂರತೊಡಗಿದ.

ಡಿಸೆಂಬರು ಹುಟ್ಟಿದ ವಾರ ಮಗಳು ಒಂದು ಸಂಜೆ ನಗುತ್ತ ಬಂದಳು. ಶೂ ಬಿಚ್ಚಿ ನೆಟ್ಟಗೆ ಇಟ್ಟಳು. ಎರಡು ಮೊಟ್ಟೆ ಹಾಕು ಅಮ್ಮಾ, ಹಸಿವಾಗಿದೆ ಎಂದಳು. ಸುತ್ತುವ ಮೇಜಿನ ಐವರೂ ಸೇರಿ ಮಹಡಿಯ ಮ್ಯಾನೇಜರಮ್ಮನ ಹತ್ತಿರ ಹೋಗಿದ್ದರಂತೆ. ಆ ಹೆಂಗಸು ಯಾವಾಗಲೂ ಥಳಥಳ ಅನ್ನುತ್ತಾಳೆಂದು ಇವರು ಅವಳಿಗೆ ಗಿಲೀಟು ಎಂದು ಹೆಸರಿಟ್ಟಿದ್ದರು. ಮುಂದೆ ನಿಂತು ಮಾತಾಡಿದವಳು ನನ್ನ ಮಗಳೇ. ಐವರಲ್ಲಿ ಹಿರಿಯಳು ಗಂಟಕ್ಕ. ಅವಳು ಹಾಕಿದ ಗಂಟು ಬಿಚ್ಚಿದವರಿಲ್ಲವೆಂದು ಆ ಹೆಸರು. ಗಂಟಕ್ಕನಿಗೆ ಆ ಸದ್ದಿಗೆ ತಲೆಸುತ್ತು ಬರುತ್ತಿತ್ತು. ಹಗಲಿನಲ್ಲಿ ಅರ್ಧ ಹೊತ್ತಾದರೂ ನಮ್ಮ ನೆತ್ತಿಯ ಸ್ಪೀಕರು ನಿಲ್ಲಿಸಿ, ಮಿಕ್ಕ ಕಡೆ ಬೇಕಾದರೆ ಹಾಡಲಿ ಎಂದು ಕೇಳಿದ್ದರು. ಗಿಲೀಟು ಮೊದಲು ಮೂಗು ಮುರಿದು, ಆಮೇಲೆ ಸರಿ, ಸೋಮವಾರದಿಂದ ಊಟದ ಬಿಡುವಿನವರೆಗೆ ನಿಲ್ಲಿಸುತ್ತೇನೆ ಅಂದಿದ್ದಳು.

"ಅರ್ಧ ದಿನ, ಅಮ್ಮಾ," ಎಂದಳು ಮಗಳು. "ಗಂಟಕ್ಕ ನನ್ನ ಕೈ ಹಿಡ್ಕೊಂಡು ಅತ್ತುಬಿಟ್ಟಳು."

ಮೊಮ್ಮಗಳು ಅವಳಿಗೆ ತನ್ನ ಪಾಲಿನ ಮೊಟ್ಟೆಯನ್ನೂ ಬಡಿಸಿದಳು. ಅಳಿಯ ಎದುರಿಗೇ ಇದ್ದ. ಹೆಡ್‌ಫೋನು ಹಾಕಿಕೊಂಡಿದ್ದ, ಕಣ್ಣು ಮುಚ್ಚಿದ್ದ, ಬಾಯಿಗೆ ಕೈ ಅಡ್ಡವಿತ್ತು. ಅಷ್ಟು ದೊಡ್ಡ ಸುದ್ದಿ ಅವನ ಮೂಗಿನ ಮುಂದೆ ಹಾದುಹೋಯಿತು.

ಆ ಸೋಮವಾರ ನಸುಕಿನಲ್ಲಿ ಅಳಿಯ ಗೋಡೆಯನ್ನು ಬಿಚ್ಚುತ್ತಿದ್ದ. ಟ್ರೇಗಳನ್ನು ಒಂದೊಂದಾಗಿ ವ್ಯಾನಿಗೆ ಏರಿಸಿದ. ನಿದ್ದೆಗಣ್ಣಿನಲ್ಲಿ ಮೊಮ್ಮಗಳೂ ಕೈಜೋಡಿಸಿದಳು. ಎಲ್ಲಿಗೆ ಎಂದು ನಾನು ಕೇಳಿದೆ.

"ಒಳ್ಳೇ ಕಡೆಗೇ ಅತ್ತೆ. ಸಂಜೆ ಗೊತ್ತಾಗುತ್ತೆ. ಅವಳು ಏಳೋ ಮೊದಲು ಹೋಗ್ತೀನಿ," ಎಂದ. ಮುಖ ಅರಳಿತ್ತು.

ಮಾರಿಬಿಡುತ್ತಿದ್ದಾನೆ ಎಂದುಕೊಂಡೆ. ಹೆಂಡತಿಗೋಸ್ಕರ ಅಷ್ಟು ಮಾಡುವವನೇ ಎಂದು ಮನಸ್ಸು ಕರಗಿತು. ಮಗಳು ಎದ್ದು ಬಂದು ಬೋಳು ಗೋಡೆ ನೋಡಿ ಅಲ್ಲೇ ನಿಂತಳು. ಆಮೇಲೆ ಟ್ರೇಗಳ ಹಿಂದೆ ಇಷ್ಟು ವರ್ಷ ಸೇರಿದ್ದ ಧೂಳು ಗುಡಿಸಿ, ಕೆಲಸಕ್ಕೆ ಹೋದಳು. ಹೋಗುವಾಗ, ಸಂಜೆ ಅವರಿಗೆ ಏನಾದರೂ ಬಿಸಿಯಾಗಿ ಮಾಡಮ್ಮ ಎಂದಳು.

ಸಂಜೆ ಅವಳು ಶೂ ಬಿಚ್ಚಲಿಲ್ಲ. ಕೋಟೂ ತೆಗೆಯಲಿಲ್ಲ. ಅಳಿಯ ಒಲೆಯ ಹತ್ತಿರದಿಂದ ಎದ್ದು ಬಂದು, ಹೇಗಿತ್ತು ಎಂದು ಕೇಳಿದ.

ನಡೆದದ್ದು ಹೀಗೆ. ಆ ಅಂಗಡಿಯ ಟೀ ಕೋಣೆಗೂ ಬ್ರೆಡ್ಡು ಹಾಕುವವನು ಇವನೇ. ಹಿಂಬಾಗಿಲಲ್ಲಿ ಗಿಲೀಟು ಸಿಕ್ಕಾಗ, ಪಾಪ, ನಿಮ್ಮಲ್ಲಿ ಒಂದೇ ತಟ್ಟೆ ತಿರುಗಿಸುತ್ತೀರಂತೆ, ಹೆಂಗಸರಿಗೆ ತಲೆ ಕೆಡುತ್ತಿದೆಯಂತೆ, ನನ್ನ ಹತ್ತಿರ ಇಡೀ ತಿಂಗಳು ಒಂದೂ ಮರಳಿ ಬಾರದಷ್ಟು ಇವೆ, ಹಬ್ಬ ಮುಗಿಯುವವರೆಗೆ ಇಟ್ಟುಕೊಳ್ಳಿ ಎಂದಿದ್ದ. ಅವಳಿಗೆ ಬೇಕಾದದ್ದೂ ಅದೇ. ಸೋಮವಾರ ಬಾಗಿಲು ತೆಗೆಯುವ ಮೊದಲು ಎಲ್ಲರನ್ನೂ ನಿಲ್ಲಿಸಿ, ಸುತ್ತುವ ಮೇಜಿನವರ ದೂರು ಪರಿಹಾರವಾಯಿತು, ಅವರಲ್ಲೇ ಒಬ್ಬರ ಯಜಮಾನರು ಪರಿಹಾರ ಕಳಿಸಿದ್ದಾರೆ ಎಂದು ಚಪ್ಪಾಳೆ ತಟ್ಟಿಸಿದಳು. ಸ್ಪೀಕರು ನಿಲ್ಲಿಸುವ ಮಾತು ಅಲ್ಲಿಗೆ ಹೋಯಿತು. ಹಾಡು ಹಬ್ಬ ಕಳೆದ ಮೇಲೂ ಇರಲಿ, ಇಷ್ಟೊಂದು ಇವೆಯಲ್ಲ ಎಂದಳು. ಗಂಟೆಗೊಂದು ತಟ್ಟೆ ಬದಲಿಸುವ ಕೆಲಸವನ್ನು, ನಿಮಗೆ ಪರಿಚಯವಿದೆಯಲ್ಲ ಎಂದು ನನ್ನ ಮಗಳಿಗೇ ಕೊಟ್ಟಳು. ಮಿಕ್ಕ ನಾಲ್ವರು ಹೆಂಗಸರು ಇವಳನ್ನು ನೋಡಿದರು, ಆಮೇಲೆ ನೋಡುವುದನ್ನೂ ಬಿಟ್ಟರು. ಗಂಟಕ್ಕ ಕತ್ತರಿ ಬೇಕಾದರೂ ಇವಳನ್ನು ಕೇಳದೆ ಬಗ್ಗಿ ತಾನೇ ತೆಗೆದುಕೊಂಡಳಂತೆ.

ಇಷ್ಟನ್ನೂ ಮಗಳು ದನಿ ಎತ್ತದೆ ಹೇಳಿದಳು.

"ನೀನೇ ಹೇಳಿದ್ಯಲ್ಲ, ಅದೇ ಹಾಡು ಅದೇ ಹಾಡು ಅಂತ," ಎಂದ ಅಳಿಯ. "ನಾನು ಪ್ರಾಣ ಇಟ್ಕೊಂಡಿರೋದನ್ನ ನಿನಗೋಸ್ಕರ ಹೊತ್ಕೊಂಡು ಹೋಗಿ ಕೊಟ್ಟೆ ಕಣೇ."

"ಹೊಡೆಸ್ಕೊಳ್ಳೋನು ನೋವು ಅಂದ್ರೆ, ಕೋಲು ಬದಲಾಯಿಸ್ತಾರೇನ್ರೀ?"

"ಯಾರಿಗೆ ಗೊತ್ತಿತ್ತು ನೀವು ನಿಲ್ಲಿಸೋಕೆ ಕೇಳಿದೀರಿ ಅಂತ?"

"ಈ ಮೇಜಿನ ಮೇಲೆ ಹೇಳ್ದೆ. ನಿಮ್ಮ ಮುಂದೆ ಹೇಳ್ದೆ. ಇಡೀ ಬೀದಿಗೆ ಕೇಳಿಸಿರಬೇಕು. ನಮ್ಮಮ್ಮನ ಕೆಟ್ಟ ಕಿವಿಗೂ ಕೇಳಿಸ್ತು."

ನಾಳೆ ಹೋಗಿ ವಾಪಸು ತನ್ನಿ ಎಂದಳು. ಅವನು ತರುತ್ತೇನೆ ಎನ್ನಲಿಲ್ಲ. ಕೊಟ್ಟದ್ದನ್ನು ಹಿಂದಕ್ಕೆ ಕೇಳುವುದಕ್ಕೆ ಮುಖ ಎಲ್ಲಿದೆ ಎಂದ. ಬೆಳಿಗ್ಗೆ ನೋಡುತ್ತೇನೆ ಎಂದ. ಬೆಳಿಗ್ಗೆ ಹೋದವನು ಬರಿಗೈಯಲ್ಲಿ ಬಂದ. ಅದರ ಬದಲು ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡು ಬಂದಿದ್ದ. ಅಂಗಡಿಯ ಬಾಗಿಲಲ್ಲಿ ಬಣ್ಣದ ಹಲಗೆ ಇಟ್ಟು, ಈ ಹಾಡುಗಳ ಸಂಗ್ರಹ ಇಂಥವರದು ಎಂದು ಅವನ ಹೆಸರು ಬರೆದಿದ್ದರು. ನನಗೆ ತೋರಿಸಿದ. ಮೊಮ್ಮಗಳಿಗೂ ತೋರಿಸಿದ. ಮಗಳ ಮುಂದೆ ಮೇಜಿನ ಮೇಲೆ ಫೋನನ್ನು ಹಾಗೇ ಇಟ್ಟ.

"ಅಲ್ಲಿ ನೂರಾರು ಜನ ಕೇಳ್ತಾರೆ," ಎಂದ. "ಈ ಮನೇಲಿ ಒಬ್ರೂ ಕೇಳಲ್ಲ."

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದಳು ಮಗಳು. ಫೋನನ್ನು ಒಂದು ಬೆರಳಿನಿಂದ ಅವನ ಕಡೆಗೆ ದೂಡಿದಳು.

ಆಮೇಲಿನ ದಿನಗಳಲ್ಲಿ ಮನೆ ಸುಮ್ಮನಿತ್ತು. ಅವಳು ಕೇಳಿದಂತೆಯೇ ಸುಮ್ಮನಿತ್ತು. ನಾಲ್ಕು ಚಮಚಗಳ ಸದ್ದು ಬಿಟ್ಟು ಬೇರೆ ಇಲ್ಲ. ಬೋಳು ಗೋಡೆಯ ಮೇಲೆ ಟ್ರೇಗಳಿದ್ದ ಕಡೆ ಬಣ್ಣ ಹೊಸದಾಗಿ ಉಳಿದಿತ್ತು. ಅಳಿಯ ಅದನ್ನು ನೋಡುತ್ತ ತಿನ್ನುತ್ತಿದ್ದ, ಮಗಳು ಅದಕ್ಕೆ ಬೆನ್ನು ಹಾಕಿ ತಿನ್ನುತ್ತಿದ್ದಳು. ಅವನು ಉಳಿದ ಬ್ರೆಡ್ಡು ತಂದರೆ ಅವಳು ಮುಟ್ಟಲಿಲ್ಲ, ಅಂಗಡಿಯಿಂದ ತಾನೇ ಬೇರೆ ತಂದಳು. ಬೇಕರಿಯವನ ಮನೆಯಲ್ಲಿ ಕೊಂಡ ಬ್ರೆಡ್ಡು ಎಂದು ಮೊಮ್ಮಗಳು ಗೇಲಿ ಮಾಡಿ ನೋಡಿದಳು. ಯಾರೂ ನಗಲಿಲ್ಲ. ಅವಳಿಗೂ ರೇಗಿತು.

"ಇಬ್ರೂ ಹಲ್ಲು ಕಚ್ಚಿ ಕಚ್ಚಿ ನಮ್ಮ ಕ್ಲಿನಿಕ್ಕಿಗೇ ಬರ್ತೀರ. ಆಗ ನಾನು ಸರದಿ ಕೊಡಲ್ಲ," ಎಂದು ತಟ್ಟೆ ತೆಗೆದುಕೊಂಡು ಕೋಣೆಗೆ ಹೋದಳು.

ಮಗಳ ಕಣ್ಣ ಕೆಳಗೆ ಕಪ್ಪು ಕಟ್ಟಿತು. ಒಂದು ಸಂಜೆ ಈರುಳ್ಳಿ ಹೆಚ್ಚುತ್ತ, ಹಾಡಿಗಿಂತ ಆ ನಾಲ್ವರು ಮಾತಾಡದೇ ಇರುವುದು ಜಾಸ್ತಿ ಕೇಳಿಸುತ್ತದಮ್ಮ ಎಂದಳು. ಪ್ರತಿ ಸಲ ತಟ್ಟೆ ಬದಲಿಸಲು ಎದ್ದಾಗ ಅವರ ಬೆನ್ನುಗಳ ಹಿಂದೆ ಹಾದುಹೋಗಬೇಕಿತ್ತು. ಡಬ್ಬಿಗಳ ಮೇಲೆ ಗಂಡನ ಕೈಬರಹದ ಚೀಟಿಗಳಿದ್ದವು: ಇದರಲ್ಲಿ ಗಂಟೆ ಮೊದಲು, ಇದರಲ್ಲಿ ಹೆಂಗಸಿನ ದನಿ, ಇದು ಮಳೆ ಬರುವಾಗ. ಆ ಚೀಟಿಗಳನ್ನು ಓದುತ್ತ ಅವನ್ನೇ ಹಾಕಬೇಕಿತ್ತು.

ಹಬ್ಬದ ಹಿಂದಿನ ದಿನ ಮಂಗಳವಾರ. ಅಂಗಡಿಯಲ್ಲಿ ಆ ದಿನ ಕಾಲಿಡಲು ಜಾಗವಿರುವುದಿಲ್ಲ. ನಾನು ಮಧ್ಯಾಹ್ನದ ಪಾತ್ರೆ ತೊಳೆಯುತ್ತಿದ್ದೆ. ಬಾಗಿಲು ತೆರೆದರೆ ಮಗಳು ನಿಂತಿದ್ದಾಳೆ, ಬಲಗೈ ಮುಂಗೈಯಿಂದ ಮೊಣಕೈವರೆಗೆ ಬಿಳಿ ಪಟ್ಟಿ ಸುತ್ತಿ ಕೊರಳಿಗೆ ಕಟ್ಟಿದೆ. ಪಕ್ಕದಲ್ಲಿ ವಯಸ್ಸಾದ ಹೆಂಗಸು, ಇವಳ ಚೀಲ ಹಿಡಿದುಕೊಂಡಿದ್ದಾಳೆ. ನೋಡಿದೊಡನೆ ತಿಳಿಯಿತು, ಗಂಟಕ್ಕ.

ಗಂಟಕ್ಕನೇ ಹೇಳಿದಳು. ಕತ್ತೆ ಹಾಡು ಬರುತ್ತಿತ್ತು. ಸಾಲಿನಲ್ಲಿ ಒಬ್ಬಾತ ಬೇಗ ಬೇಗ ಎಂದು ಮೇಜು ಕುಟ್ಟುತ್ತಿದ್ದ. ನನ್ನ ಮಗಳು ಅವನ ಪೊಟ್ಟಣ ಪೂರ್ತಿ ಕಟ್ಟಿ, ರಿಬ್ಬನ್ ಗುಂಗುರು ಮಾಡಿ, ಕೈಗೆ ಕೊಟ್ಟು, ಮೇಲಿನ ಸುರುಳಿ ತೆಗೆಯುವ ಸ್ಟೂಲನ್ನು ಎಳೆದು ಹತ್ತಿ, ರಿಬ್ಬನ್ ಕತ್ತರಿಯಿಂದ ಸ್ಪೀಕರಿನ ತಂತಿ ಕತ್ತರಿಸಿದಳು. ಆ ಮೂಲೆ ಸುಮ್ಮನಾಯಿತು. ಇಳಿಯುವಾಗ ಸ್ಟೂಲು ಜಾರಿತು. ಬಿದ್ದ ಭಾರಕ್ಕೆ ಮುಂಗೈ ಮುರಿದಿತ್ತು. ಗಿಲೀಟು ಓಡಿ ಬಂದು, ನಾಳೆಯಿಂದ ಬರಬೇಡ ಎಂದಳು.

"ನಾವು ನಾಲ್ಕೂ ಜನ ಕತ್ತರಿ ಕೆಳಗಿಟ್ವಿ," ಎಂದಳು ಗಂಟಕ್ಕ. "ಸಾಲು ಬಾಗಿಲಾಚೆವರೆಗೂ ನಿಂತಿತ್ತು. ಆಮೇಲೆ ಅವಳೇ, ಹಬ್ಬ ಕಳೀಲಿ ಮಾತಾಡೋಣ ಅಂದ್ಲು. ಇಷ್ಟು ದಿನ ಇವಳ ಜೊತೆ ಮಾತು ಬಿಟ್ಟಿದ್ದೆ ಅಮ್ಮಾ. ನನ್ನದೇ ತಪ್ಪು."

ಅಷ್ಟರಲ್ಲಿ ಅಳಿಯ ಕೋಣೆಯಿಂದ ಬಂದ. ಎಲ್ಲವೂ ಅವನ ಕಿವಿಗೆ ಬಿದ್ದಿತ್ತು. ಮಗಳನ್ನು ನೋಡಿದ, ಪಟ್ಟಿಯನ್ನು ನೋಡಿದ.

"ಸಿಡಿ ಏನಾದವು?" ಎಂದ.

ಗಂಟಕ್ಕ ಇವಳ ಚೀಲವನ್ನು ಮೆಲ್ಲಗೆ ಕುರ್ಚಿಯ ಮೇಲಿಟ್ಟಳು. ಮಗಳು ಒಳಗೆ ಹೋಗಿ ಮಲಗಿದಳು.

ಸಿಡಿಗಳು ಸಂಜೆಗೆ ಬಂದವು. ಗಿಲೀಟು ಎಲ್ಲ ಟ್ರೇಗಳನ್ನೂ ಅಂಗಡಿಯ ಗಾಡಿಯಲ್ಲಿ ಹೇರಿ ಕಳಿಸಿದ್ದಳು. ಹಬ್ಬದ ದಿನ ಬೆಳಿಗ್ಗೆ ಅಳಿಯ ಒಂದೊಂದೇ ಡಬ್ಬಿ ತೆರೆದು, ಬಟ್ಟೆಯಿಂದ ಒರೆಸಿ, ಗೀರು ಬಿದ್ದಿದೆಯೇ ಎಂದು ಬೆಳಕಿಗೆ ಹಿಡಿದು, ಗೋಡೆಯನ್ನು ಮತ್ತೆ ಕಟ್ಟಿದ. ಮಧ್ಯಾಹ್ನ ನಾನು ಕೋಳಿ ಹುರಿದು ಆಲೂಗೆಡ್ಡೆ ಬೇಯಿಸಿ ಬಡಿಸಿದೆ. ಮಗಳು ಎಡಗೈಯಲ್ಲಿ ಚಾಕು ಹಿಡಿದು ಒದ್ದಾಡುತ್ತಿದ್ದಳು. ಮೊಮ್ಮಗಳು ಅವಳ ತಟ್ಟೆ ಎಳೆದುಕೊಂಡು ತುಂಡು ಮಾಡಿಕೊಟ್ಟಳು. ಅಳಿಯ ಬೇಗ ತಿಂದು ಎದ್ದು, ಗೋಡೆಯಿಂದ ಒಂದು ಡಬ್ಬಿ ಆರಿಸಿ, ಪ್ಲಗ್ಗಿಗೆ ಕೈ ಹಾಕಿದ.

"ಇವತ್ತು ಹಬ್ಬ," ಎಂದ. "ಇವತ್ತೊಂದಿನ ಆದ್ರೂ."

ಮಗಳು ಎದ್ದಳು. ಕೋಣೆಗೆ ಹೋಗಿ, ಒಂದೇ ಕೈಯಲ್ಲಿ ಬಟ್ಟೆ ತುರುಕಿದ ಚೀಲ ಹಿಡಿದು ಹೊರಬಂದಳು. ಮೊದಲೇ ತುಂಬಿಟ್ಟಿದ್ದಳು ಎಂದು ಆಗ ತಿಳಿಯಿತು. ಗಂಟಕ್ಕನ ಮನೆಯಲ್ಲಿ ಮೇಲೊಂದು ಕೋಣೆ ಖಾಲಿಯಿದೆಯಂತೆ, ಹೋಗುತ್ತೇನೆ ಎಂದಳು.

"ಹೋಗು," ಎಂದ ಅಳಿಯ. ಅವನಿಗೂ ಆಗ ಸಿಟ್ಟು ಬಂದಿತ್ತು. "ಹಾಡು ಕೇಳೋ ಗಂಡ ಬೇಡ ಅಂತ ಮನೆ ಬಿಟ್ಟೋಳು ನೀನೊಬ್ಳೇ ಇರಬೇಕು."

ನಾನು ಕೈ ಒರೆಸಿಕೊಂಡೆ.

"ನೀನ್ಯಾಕೆ ಹೋಗ್ಬೇಕು? ತಟ್ಟೇಲಿ ಊಟ ಬಿಟ್ಟು ಏಳಬಾರದು. ಕೂತ್ಕೋ," ಎಂದೆ ಮಗಳಿಗೆ. ಅವಳು ನಿಂತೇ ಇದ್ದಳು. ನಾನು ಅಳಿಯನ ಕಡೆ ತಿರುಗಿದೆ. "ನಿನ್ನೆ ಅವಳು ಕೈ ಮುರ್ಕೊಂಡು ಬಂದು ಬಾಗಿಲಲ್ಲಿ ನಿಂತಾಗ ನೀವು ಮೊದ್ಲು ಕೇಳಿದ್ದೇನು?"

ಅವನು ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ತೆಗೆದುಕೊಂಡ.

"ಸಿಡಿ ಏನಾದವು ಅಂತ," ಎಂದಳು ಮೊಮ್ಮಗಳು. ಅವಳು ಆ ಹೊತ್ತಿಗೆ ಮನೆಯಲ್ಲಿರಲಿಲ್ಲ. ಗಂಟಕ್ಕ ಹೋಗುವಾಗ ಬೀದಿಯಲ್ಲಿ ಸಿಕ್ಕಿ ಹೇಳಿದ್ದಳಂತೆ.

"ಅತ್ತೆ, ನಾನು ಅವನ್ನ ಕೊಟ್ಟಿದ್ದು ಅವಳಿಗೋಸ್ಕರಾನೇ."

"ಗೊತ್ತು. ಅವಳಿಗೋಸ್ಕರ ಮಾಡೋವಾಗ್ಲೂ ಅವಳನ್ನ ಕೇಳ್ಲಿಲ್ಲ ನೀವು. ನಾಳೆ ಬೆಳಕು ಹರೀಲಿ. ಟ್ರೇಗಳೂ ಇವೆ, ವ್ಯಾನೂ ಇದೆ."

ಇಷ್ಟು ವರ್ಷದಲ್ಲಿ ನಾನು ಅವನಿಗೆ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಅವನಿಗೆ ಅರ್ಥವಾಯಿತು. ಗೋಡೆಯ ಕಡೆ ನೋಡಿದ, ಆಮೇಲೆ ಸೂರಿನ ಕಡೆ. ಆ ಸೂರು ಯಾರದು ಎಂಬುದು ಆ ಗಳಿಗೆಯವರೆಗೆ ಅವನಿಗೆ ನೆನಪಿರಲಿಲ್ಲ ಎಂದು ಕಾಣುತ್ತದೆ. ಮಗಳು ಚೀಲ ಕೆಳಗಿಟ್ಟು ಕುಳಿತಳು. ಕೋಳಿ ತಣ್ಣಗಾಗಿತ್ತು, ಅದನ್ನೇ ತಿಂದಳು.

ಮರುದಿನ ಬೇಕರಿಗೆ ರಜೆ. ಅಳಿಯ ಬೆಳಕಾದ ಮೇಲೆ ಟ್ರೇಗಳನ್ನು ಇಳಿಸಿ ವ್ಯಾನಿಗೆ ಒಯ್ದ. ಬೇಕರಿಯ ಹಿಂದೆ ರಾತ್ರಿಪಾಳಿಯವರು ಮಲಗುವ ಕೋಣೆಯಿದೆ, ಅಲ್ಲಿ ಒಂದು ಮಂಚ ಸಿಗುತ್ತದೆಂದು ಮೊಮ್ಮಗಳ ಹತ್ತಿರ ಹೇಳಿದ್ದ. ಅವಳು ಮುಖ ಊದಿಸಿಕೊಂಡೇ ಇನ್ನೊಂದು ತುದಿ ಹಿಡಿದಳು. ಅಳುತ್ತಿದ್ದಳೋ ಸಿಟ್ಟೋ, ಎರಡೂ ಇರಬೇಕು. ಹೆಡ್‌ಫೋನನ್ನು ಅವನು ಮೇಜಿನ ಮೇಲೇ ಬಿಟ್ಟ.

ಎಲ್ಲ ಆದ ಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಮಗಳು ಎಡಗೈಯಲ್ಲಿ ಮೊಟ್ಟೆ ಒಡೆಯುತ್ತಿದ್ದಳು. ಚಿಪ್ಪಿನ ಚೂರು ಬಾಣಲೆಗೆ ಬಿದ್ದಿತ್ತು, ಅದನ್ನು ಚಮಚದ ತುದಿಯಿಂದ ತೆಗೆಯುತ್ತಿದ್ದಳು.

"ಕೈ ಹೇಗಿದೆ?" ಎಂದ.

"ನೋಯ್ತಿದೆ," ಎಂದಳು. ತಿರುಗಿ ನೋಡಲಿಲ್ಲ.

ನಾನು ಬಾಗಿಲವರೆಗೆ ಹೋದೆ. ಹೋಗಿ ಬರುತ್ತೇನೆ ಅತ್ತೆ ಎಂದ. ಬನ್ನಿ ಎಂದು ಹೇಳುವುದು ರೂಢಿ, ನಾನು ತಲೆಯಾಡಿಸಿದೆ ಅಷ್ಟೆ. ವ್ಯಾನು ಹತ್ತಿ ಕೀಲಿ ತಿರುಗಿಸಿದ. ಎಂದಿನಂತೆ ಎಂಜಿನ್ನಿಗಿಂತ ಮೊದಲು ಹಾಡು ಎದ್ದಿತು, ಗಂಟೆ, ಗಂಟೆಯ ಬೆನ್ನಿಗೆ ಪಿಟೀಲು. ಅವನು ಅಡುಗೆಮನೆಯ ಕಿಟಕಿಯ ಕಡೆ ನೋಡಿ, ಕೈ ಚಾಚಿ ಅದನ್ನು ನಿಲ್ಲಿಸಿದ. ವ್ಯಾನು ಬರೀ ಎಂಜಿನ್ನಿನ ಸದ್ದಿನಲ್ಲಿ ಬೀದಿಯ ತಿರುವು ದಾಟಿತು.

ಅಳಿಯ ಮನೆ ಬಿಟ್ಟು ಹೋದದ್ದು ಹೀಗೆ, ಹಬ್ಬದ ಮಾರನೆಯ ದಿನ, ಗುರುವಾರ.